ಬಸುರಿಯಲ್ಲಿ ಬಂದ ಗಂಟು, ಬಾಣಂತನ ಮುಗಿದರೂ ಹೋಗಲಿಲ್ಲ

ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ ಅತ್ತೆ ನನ್ನ ಪಕ್ಕಕ್ಕೆ ಬಂದರು. ಸೆರಗು ಬಾಯಿಗೆ ಅಡ್ಡ ಹಿಡಿದು, ಸೊಸೆಗೆ ಕೇಳಿಸದ ಹಾಗೆ, "ಡಾಕ್ಟ್ರೇ, ಇದು ಅದಲ್ಲ ತಾನೆ?" ಅಂದರು.

ಒಸಡಿನ ಮೇಲೆ ಗಂಟು ಬಂದವರ ಮನೆಯಲ್ಲಿ ಎಲ್ಲರ ತಲೆಯಲ್ಲೂ ಈ 'ಅದು' ಇರುತ್ತದೆ. ಯಾರೂ ಹೆಸರು ಹೇಳುವುದಿಲ್ಲ. ಒಸಡಿನ ಮೇಲೆ ಎದ್ದು ನಿಲ್ಲುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಹಾಗಂತ ಬರೀ ಕಣ್ಣಲ್ಲಿ ನೋಡಿ "ಅಲ್ಲ" ಅಂದುಬಿಡುವುದೂ ತಪ್ಪು. "ನೋಡ್ತೀನಿ ಇರಿ ಅಮ್ಮ, ನೋಡದೆ ಏನೂ ಹೇಳೋದಿಲ್ಲ" ಅಂದೆ.

ಇದು ನನ್ನ ಕ್ಲಿನಿಕ್ಕಿನ ಪ್ರಕರಣ. ಆ ಹೆಣ್ಣುಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಮಾತ್ರ ಬದಲಿಸಿಲ್ಲ.

ವಯಸ್ಸು 24. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಕಂಕುಳಲ್ಲಿ 13 ತಿಂಗಳ ಮಗು, ಇನ್ನೂ ಎದೆಹಾಲು ಬಿಟ್ಟಿಲ್ಲ. ಮೇಲಿನ ಸಾಲಿನಲ್ಲಿ ಬಲಗಡೆಯ ಮುಂದಿನ ದೊಡ್ಡ ಹಲ್ಲು ಮತ್ತು ಅದರ ಪಕ್ಕದ ಸಣ್ಣ ಹಲ್ಲು, ಇವೆರಡರ ಸಂದಿಯಿಂದ ಹೊರಗೆ ಚಾಚಿಕೊಂಡಿತ್ತು ಗಂಟು. ಹಿತಕಿದ ಅವರೆಕಾಳಿಗಿಂತ ಸ್ವಲ್ಪ ದೊಡ್ಡದು. ಅಳತೆ ಹಿಡಿದರೆ 14 ಮಿಲಿಮೀಟರ್ ಅಗಲ, 11 ಎತ್ತರ. ನಕ್ಕರೆ ಕಾಣುತ್ತಿತ್ತು. ಹಾಗಾಗಿ ಅವಳು ನಗುವುದನ್ನೇ ಬಿಟ್ಟಿದ್ದಳು. ಮಾತಾಡುವಾಗಲೂ ಮೇಲ್ದುಟಿ ಕೆಳಗೆ ಎಳೆದುಕೊಳ್ಳುವ ಅಭ್ಯಾಸ ಆಗಿಹೋಗಿತ್ತು.

ಹಿಂದಿನ ಕಥೆ ಕೇಳಿದೆ. ಐದನೇ ತಿಂಗಳ ಬಸುರಿಯಲ್ಲಿ ಹಲ್ಲುಜ್ಜುವಾಗ ರಕ್ತ ಬರಲು ಶುರುವಾಯಿತು. ಆಮೇಲೆ ಬಟಾಣಿಯಷ್ಟು ಕೆಂಪು ಗುಳ್ಳೆ. ಹತ್ತಿರದ ಊರಿನ ದಂತವೈದ್ಯರೊಬ್ಬರು ನೋಡಿ, "ಇದು ಬಸುರಿಯರಿಗೆ ಬರೋ ಗಂಟು, ಹೆರಿಗೆ ಆದ ಮೇಲೆ ತಾನೇ ಹೋಗುತ್ತೆ" ಅಂದರು. ಆ ಹೊತ್ತಿಗೆ ಅದು ಸರಿಯಾದ ಮಾತೇ. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದರೆ ಹೆರಿಗೆ ಆಯಿತು, ಗಂಟು ಹೋಗಲಿಲ್ಲ. ರಕ್ತ ಬರುವುದು ಕಡಿಮೆ ಆಯಿತು. ಬಣ್ಣ ಕೆಂಪಿನಿಂದ ತಿಳಿ ಗುಲಾಬಿಗೆ ಬಂತು. ಗಾತ್ರ ಮಾತ್ರ ಹಾಗೇ. ಊರಲ್ಲಿ ಯಾರೋ ಇದು ದುರ್ಮಾಂಸ ಅಂದರು. ನರುಳ್ಳೆಗೆ ಕಟ್ಟುವ ಹಾಗೆ ಕುದುರೆ ಬಾಲದ ಕೂದಲು ಕಟ್ಟಿ ಅಂತ ಇನ್ಯಾರೋ ಹೇಳಿದರು. ಪುಣ್ಯಕ್ಕೆ ಕಟ್ಟಲಿಲ್ಲ. ಮಗುವಿಗೆ ಐದು ತಿಂಗಳಾದಾಗ ಬೇರೊಂದು ಕ್ಲಿನಿಕ್ಕಿನಲ್ಲಿ "ಸುಟ್ಟು ತೆಗೆದರು". ಹತ್ತು ನಿಮಿಷದ ಕೆಲಸ ಅಂತೆ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರಾ ಅಂತ ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಅದನ್ನ ಬುಟ್ಟಿಗೆ ಹಾಕಿದ್ರು ಸಾರ್" ಅಂದಳು.

ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಗಂಟು ಅದೇ ಜಾಗದಲ್ಲಿ, ಮೊದಲಿಗಿಂತ ದೊಡ್ಡದಾಗಿ ವಾಪಸ್ ಬಂದಿತ್ತು. ಮತ್ತೆ ಬಂತು ಅಂದರೆ ಅದೇ ಇರಬೇಕು ಅನ್ನುವುದು ಅತ್ತೆಯ ಲೆಕ್ಕ.

ಈಗ ನೋಡುವ ಸರದಿ ನನ್ನದು. ಒಸಡಿನ ಗಂಟನ್ನು ಮುಟ್ಟದೆ ಗುರುತು ಹಿಡಿಯಲು ಆಗುವುದಿಲ್ಲ. ಬೆರಳಿಟ್ಟು ಒತ್ತಿದೆ. ಗಟ್ಟಿ, ರಬ್ಬರಿನ ಹಾಗೆ. ಗಾಜಿನ ಸ್ಲೈಡ್ ಒತ್ತಿ ನೋಡಿದೆ, ಬಣ್ಣ ಬಿಳಚಿಕೊಳ್ಳಲಿಲ್ಲ. ಅಂದರೆ ಒಳಗೆ ಬರೀ ರಕ್ತನಾಳಗಳ ಗೊಂಚಲು ಇಲ್ಲ. ತುದಿಯಲ್ಲಿ ಕೆಳಗಿನ ಹಲ್ಲು ತಾಗುವ ಕಡೆ ಸಣ್ಣ ಹುಣ್ಣು, ಅಲ್ಲಿ ಮಾತ್ರ ರಕ್ತ. ಬುಡ ಅಗಲ. ತೊಟ್ಟಿಗೆ ನೇತಾಡುವ ಹಣ್ಣಿನಂತಲ್ಲ, ಗೋಡೆಗೆ ತಟ್ಟಿದ ಬೆರಣಿಯಂತೆ ಕೂತಿತ್ತು. ಎರಡು ಹಲ್ಲುಗಳ ನಡುವೆ ಸಂದು ಬಿಟ್ಟಿತ್ತು, ಗಂಟು ಅವುಗಳನ್ನು ದೂಡಿತ್ತು. ಹಲ್ಲು ಅಲುಗುತ್ತಿರಲಿಲ್ಲ. ತುಟಿ ಜೋಮು ಹಿಡಿದಿರಲಿಲ್ಲ. ಕುತ್ತಿಗೆಯಲ್ಲಿ, ದವಡೆ ಕೆಳಗೆ ಗಡ್ಡೆ ಕೈಗೆ ಸಿಗಲಿಲ್ಲ.

ಕಡೆಯ ಈ ಮೂರೂ ಅತ್ತೆಯ ಪ್ರಶ್ನೆಗೆ ಸಂಬಂಧಪಟ್ಟವು. ಒಸಡಿನ ಕ್ಯಾನ್ಸರ್ ಕೆಲವೊಮ್ಮೆ ಇಂಥ ಸಾಧು ಗಂಟಿನ ವೇಷದಲ್ಲೇ ಬರುತ್ತದೆ. ಹೊಗೆಸೊಪ್ಪು, ಗುಟ್ಕಾ ಜಗಿಯುವವರಲ್ಲಿ ಹೆಚ್ಚು ಎಚ್ಚರ ಬೇಕು. ಅಂಚು ಗಟ್ಟಿಯಾಗಿ ಮಡಚಿಕೊಂಡ ಹುಣ್ಣು, ಕಾರಣ ಇಲ್ಲದೆ ಅಲುಗುವ ಹಲ್ಲು, ಕೊರೆದುಹೋದ ಮೂಳೆ, ಮರಗಟ್ಟಿದ ತುಟಿ, ಕುತ್ತಿಗೆಯಲ್ಲಿ ಗಟ್ಟಿ ಗಂಟು ಕಂಡರೆ ಲೆಕ್ಕ ಬದಲಾಗುತ್ತದೆ. ಇವಳಲ್ಲಿ ಯಾವುದೂ ಇರಲಿಲ್ಲ. ಬಾಯಿ ತುಂಬ ಒಸಡು ಊದಿಸುವ ಔಷಧಿಗಳಿವೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಆಮ್ಲೋಡಿಪಿನ್, ಕಿಡ್ನಿ ಕಸಿ ಆದವರು ನುಂಗುವ ಸೈಕ್ಲೋಸ್ಪೋರಿನ್. ಅವು ಸಾಮಾನ್ಯವಾಗಿ ಒಂದು ಸಂದಿಯಲ್ಲಿ ನಿಲ್ಲುವುದಿಲ್ಲ, ಹಲವು ಹಲ್ಲುಗಳ ಸುತ್ತ ಹಬ್ಬುತ್ತವೆ. ಇವಳು ಕಬ್ಬಿಣದ ಮಾತ್ರೆ ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ.

ಉಳಿದದ್ದು ನಾಲ್ಕು ಹೆಸರು. ಒಂದು, ಪಯೋಜೆನಿಕ್ ಗ್ರಾನುಲೋಮಾ. ಬಸುರಿಯಲ್ಲಿ ಬರುವುದು ಇದೇ. ಕೆಂಪಗೆ, ಮೆತ್ತಗೆ, ಮುಟ್ಟಿದರೆ ರಕ್ತ. 1904ರಲ್ಲಿ ಹಾರ್ಟ್‌ಜೆಲ್ ಅನ್ನುವವರು ಬಳಕೆಗೆ ತಂದ ಈ ಹೆಸರಿಗೆ 'ಕೀವು ಹುಟ್ಟಿಸುವ ಗಂಟು' ಅಂತ ಅರ್ಥ. ತಮಾಷೆ ಅಂದರೆ ಇದರಲ್ಲಿ ಕೀವೂ ಇಲ್ಲ, ಇದು ನಿಜವಾದ ಗ್ರಾನುಲೋಮಾನೂ (ಉರಿಯೂತದ ಜೀವಕೋಶಗಳು ಗುಂಪುಗಟ್ಟಿದ ಗಂಟು) ಅಲ್ಲ. ನೂರಿಪ್ಪತ್ತು ವರ್ಷದಿಂದ ಸುಮ್ನೆ ಹೇಳಿಕೊಂಡು ಬಂದಿದ್ದೇವೆ. ಎರಡನೆಯದು ಫೈಬ್ರೋಮಾ, ತೆಳು ಬಣ್ಣದ ಗಟ್ಟಿ ನಾರಿನ ಗಂಟು. ಮೂರನೆಯದು ಜೈಂಟ್ ಸೆಲ್ ಗ್ರಾನುಲೋಮಾ, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ, ಕೆಲವೊಮ್ಮೆ ಕೆಳಗಿನ ಮೂಳೆಯನ್ನು ಬಟ್ಟಲಿನ ಹಾಗೆ ತಿಂದಿರುತ್ತದೆ. ಅದು ಬಂದರೆ ರಕ್ತದಲ್ಲಿ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್ ಕೂಡ ನೋಡಿಸುವುದು ಒಳ್ಳೆಯದು, ಕುತ್ತಿಗೆಯ ಗ್ರಂಥಿಯ ತೊಂದರೆ ಒಸಡಿನಲ್ಲಿ ತಲೆ ಎತ್ತಿರಬಹುದು. ನಾಲ್ಕನೆಯದು ಪೆರಿಫೆರಲ್ ಆಸಿಫೈಯಿಂಗ್ ಫೈಬ್ರೋಮಾ. ನಾಲಗೆ ಹೊರಳದ ಹೆಸರು. ಒಳಗೆ ಮೂಳೆಯ ಚೂರು ಹುಟ್ಟಿಸಿಕೊಳ್ಳುವ ಗಂಟು ಅಂದುಕೊಳ್ಳಿ.

ಇಷ್ಟೂ ತಲೆಯಲ್ಲಿ ಇಟ್ಟುಕೊಂಡು ಕಾರ್ಡಿನಲ್ಲಿ ನಾನು ಬರೆದದ್ದು: "ಹಳೆಯ ಪಯೋಜೆನಿಕ್ ಗ್ರಾನುಲೋಮಾ, ಗಟ್ಟಿಯಾಗಿದೆ." ಐದನೇ ತಿಂಗಳಲ್ಲಿ ಯಾರೋ ಕೊಟ್ಟ ಹೆಸರು ನನ್ನ ಪೆನ್ನಿಗೂ ಅಂಟಿಕೊಂಡಿತ್ತು.

ಎಕ್ಸ್‌ರೇ ತೆಗೆದೆ. ಆಗ ನನ್ನಲ್ಲಿ ಇನ್ನೂ ಫಿಲ್ಮ್ ತೊಳೆಯುವ ಪದ್ಧತಿಯೇ ಇತ್ತು. ಮುಂದಿನ ದೊಡ್ಡ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು, ಮೇಲೆ ಕ್ಯಾಪ್. ಚಿಕ್ಕವಳಿದ್ದಾಗ ಬಿದ್ದು ಕಪ್ಪಾಗಿದ್ದ ಹಲ್ಲಂತೆ, ಮದುವೆಗೆ ಒಂದು ತಿಂಗಳ ಮುಂಚೆ ಕ್ಯಾಪ್ ಹಾಕಿಸಿದ್ದರು. ಬೇರಿನ ತುದಿಯಲ್ಲಿ ಕೀವಿನ ಗುರುತಿಲ್ಲ. ಹಲ್ಲು ತಟ್ಟಿದರೆ ನೋವಿಲ್ಲ. ಹಾಗಾಗಿ ಇದು ಬೇರಿನ ಕೀವು ಒಸಡಿನಲ್ಲಿ ಬಾಯಿ ಬಿಟ್ಟ ಗುಳ್ಳೆ ಅಲ್ಲ. ಮೂಳೆ ಹೆಚ್ಚು ಕಡಿಮೆ ಸರಿಯಾಗಿತ್ತು. ಆದರೆ ಕ್ಯಾಪಿನ ಒಂದು ಅಂಚು ಹಲ್ಲಿಗೆ ಕೂರದೆ ಸೂರಿನ ಹಾಗೆ ಹೊರಗೆ ಚಾಚಿತ್ತು. ಯಾವ ಕಡೆ? ಗಂಟಿದ್ದ ಕಡೆಗೇ.

ಗಂಟಿನ ನೆರಳಿನೊಳಗೆ ಉಪ್ಪಿನ ಹರಳಿನಂಥ ಎರಡು ಮೂರು ಬಿಳಿ ಚುಕ್ಕೆ ಇದ್ದವು. ಫಿಲ್ಮ್ ತೊಳೆಯುವಾಗ ಬಿದ್ದ ಕಲೆ ಅಂತ ಬಿಟ್ಟುಬಿಟ್ಟೆ. ಇದೇ ನಾನು ಹೇಳಿದ ತಪ್ಪು.

ಅವಳಿಗೆ ವಿಷಯ ತಿಳಿಸಿದೆ. ಗಂಟು ತೆಗೆಯಬೇಕು, ತೆಗೆದದ್ದನ್ನು ಬಯಾಪ್ಸಿಗೆ ಕಳಿಸಬೇಕು. ಅದಕ್ಕೂ ಮುಂಚೆ ಬಾಯಿ ಪೂರ್ತಿ ಕ್ಲೀನಿಂಗ್ ಆಗಬೇಕು. ಕ್ಯಾಪ್ ಬಿಚ್ಚಬೇಕು.

ಆಪರೇಷನ್‌ಗೆ ಹೆದರದವಳು ಕ್ಯಾಪ್ ಅಂದಕೂಡಲೇ ಹೆದರಿದಳು. "ಮುಂದಿನ ತಿಂಗಳು ನಾದಿನಿ ಮದುವೆ ಇದೆ ಸಾರ್. ಮುಂದಿನ ಹಲ್ಲಿಲ್ಲದೆ ಹೆಂಗೆ ಓಡಾಡ್ಲಿ? ಗಂಟು ಮಾತ್ರ ತೆಗೀರಿ, ಕ್ಯಾಪ್ ಆಮೇಲೆ ನೋಡೋಣ." ಅತ್ತೆಯೂ ಅವಳ ಪರ. ಇಂಥ ಕಡೆ ವೈದ್ಯರು ಸೋತುಬಿಡುತ್ತಾರೆ, ನಾನೂ ಬೇರೆಯವರ ವಿಷಯದಲ್ಲಿ ಸೋತಿದ್ದೇನೆ. ಈ ಸಲ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕ್ಯಾಪಿನ ಅಂಚು ತೋರಿಸಿದೆ. "ಬ್ಲೌಸಿನ ತೋಳಲ್ಲಿ ಸೂಜಿ ಮುರಿದು ಉಳಿದಿದೆ ಅಂದ್ಕೋ. ಚುಚ್ಚಿದ ಜಾಗಕ್ಕೆ ಮುಲಾಮು ಹಚ್ಚಿದ್ರೆ ಆಗುತ್ತಾ, ಸೂಜಿ ತೆಗೀಬೇಕಾ?" ದರ್ಜಿ ಕೆಲಸದವಳು ತಾನೇ, ತಟ್ಟನೆ ಹಿಡಿದಳು. ಅದೇ ದಿನ ತಾತ್ಕಾಲಿಕ ಅಕ್ರಿಲಿಕ್ ಕ್ಯಾಪ್ ಹಾಕಿಕೊಡುವ ಮಾತಿನ ಮೇಲೆ ಒಪ್ಪಂದ ಆಯಿತು.

ಮೊದಲ ದಿನ ಕ್ಲೀನಿಂಗ್ ಮಾಡಿದೆ. ಎರಡನೇ ದಿನ ಕ್ಯಾಪ್ ಕೊಯ್ದು ತೆಗೆದೆ. ಒಳಗಿನಿಂದ ಬಂದ ವಾಸನೆಗೆ ನನ್ನ ಸಹಾಯಕಿ ಮುಖ ತಿರುಗಿಸಿದಳು. ಸಿಮೆಂಟ್ ಕರಗಿ, ಅಂಚಿನಡಿ ಕಪ್ಪು ಕಿಟ್ಟ ಕಟ್ಟಿತ್ತು. ಅದರ ಕೆಳಗೆ, ಒಸಡಿನ ಒಳಗೆ, ಬೇರಿಗೆ ಕಚ್ಚಿಕೊಂಡ, ಗಾರೆಯಂತೆ ಗಟ್ಟಿಯಾದ ಕೊಳೆ. ಬ್ರಷ್ ಯಾವ ಕಾಲಕ್ಕೂ ತಲುಪದ ಜಾಗ. ಬಸುರಿಯಲ್ಲಿ ಹಾರ್ಮೋನ್ ಏರಿದಾಗ ಒಸಡು ಸಣ್ಣ ಕಿರಿಕಿರಿಗೂ ಜಾಸ್ತಿ ಉಬ್ಬುತ್ತದೆ. ಆದರೆ ಹಾರ್ಮೋನ್ ಒಂದೇ ಗಂಟು ಕಟ್ಟುವುದಿಲ್ಲ. ಅಲ್ಲೊಂದು ಕಸ, ಒಂದು ಚೂಪು, ಏನಾದರೂ ಇರಬೇಕು. ಹೆರಿಗೆಯ ಮೇಲೆ ಹಾರ್ಮೋನ್ ಇಳಿಯಿತು. ಕ್ಯಾಪಿನ ಅಂಚು ಅಲ್ಲೇ ಇತ್ತು.

ಕ್ಲೀನಿಂಗ್ ಮಾಡಿ ಹತ್ತು ದಿನ ಕಾಯುವುದು ನನ್ನ ರೂಢಿ. ಊದಿದ ಒಸಡಿಗೆ ಬ್ಲೇಡ್ ಹಾಕಿದರೆ ರಕ್ತ ಹೆಚ್ಚು, ಗಂಟಿನ ಗಡಿಯೂ ಸರಿಯಾಗಿ ಕಾಣುವುದಿಲ್ಲ. ಇನ್ನೊಂದು ಲಾಭವೂ ಇದೆ. ಪಯೋಜೆನಿಕ್ ಆಗಿದ್ದರೆ ಕಸ ಹೋದ ಮೇಲೆ ಸ್ವಲ್ಪವಾದರೂ ಕುಗ್ಗುತ್ತದೆ.

ಹತ್ತು ದಿನಕ್ಕೆ ಸುತ್ತಲಿನ ಕೆಂಪು ಪೂರ್ತಿ ಇಳಿದಿತ್ತು. ಗಂಟು ಒಂದು ಮಿಲಿಮೀಟರ್ ಕೂಡ ಕುಗ್ಗಿರಲಿಲ್ಲ. ಕಾರ್ಡಿನ ಮೇಲೆ ಬರೆದದ್ದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.4, ಬಾಣಂತನದ ರಕ್ತಹೀನತೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಸಣ್ಣ ಆಪರೇಷನ್‌ಗೆ ಅಡ್ಡಿಯಿಲ್ಲ. ಸಕ್ಕರೆ, ರಕ್ತ ಹೆಪ್ಪುಗಟ್ಟುವ ಸಮಯ ಸರಿ ಇದ್ದವು. ಮಗುವಿಗೆ ಹಾಲು ಕುಡಿಸಬಹುದಾ ಅನ್ನುವುದು ಅವಳ ಒಂದೇ ಪ್ರಶ್ನೆ. ಜಾಗ ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ನಿಗೂ ನೋವಿಗೆ ಕೊಡುವ ಪ್ಯಾರಸಿಟಮಾಲ್‌ಗೂ ಹಾಲು ನಿಲ್ಲಿಸಬೇಕಾಗಿಲ್ಲ. ಹೊರಗೆ ಅಜ್ಜಿಯ ತೊಡೆ ಮೇಲೆ ಮಗು, ಒಳಗೆ ತಾಯಿ.

ಇಂಜೆಕ್ಷನ್ ಕೊಟ್ಟು, 15 ನಂಬರ್ ಬ್ಲೇಡಿನಲ್ಲಿ ಗಂಟಿನ ಸುತ್ತ ಸುಮಾರು ಎರಡು ಮಿಲಿಮೀಟರ್ ಒಳ್ಳೆಯ ಒಸಡನ್ನೂ ಸೇರಿಸಿ ಕೊಯ್ದೆ. ಮೆತ್ತಗೆ ಹೋಗುತ್ತಿದ್ದ ಬ್ಲೇಡ್ ಬುಡದ ಹತ್ತಿರ ಕರಕ್ ಅಂತು. ಮತ್ತೊಮ್ಮೆ ಕರಕ್. ಮುದ್ದೆಯಲ್ಲಿ ಕಲ್ಲು ಸಿಕ್ಕ ಹಾಗೆ. ಒಸಡಿನಲ್ಲಿ ಕಲ್ಲು ಸಿಗಬಾರದು. ಆ ಕ್ಷಣಕ್ಕೆ ಎಕ್ಸ್‌ರೇಯ ಬಿಳಿ ಚುಕ್ಕೆ ನೆನಪಾಯಿತು. ಅವು ಫಿಲ್ಮಿನ ಕಲೆ ಆಗಿರಲಿಲ್ಲ.

ಇಲ್ಲಿಂದ ಕೆಲಸ ಬದಲಾಯಿತು. ಮೇಲಿಂದ ಸವರಿದರೆ ಸಾಲದು. ಮೂಳೆಯ ಮೇಲಿನ ಪೊರೆಯನ್ನೂ ಎತ್ತಿ ತೆಗೆದೆ. ಆ ಎರಡು ಹಲ್ಲುಗಳ ಸಂದಿಯಲ್ಲಿ, ಬೇರನ್ನು ಮೂಳೆಗೆ ಹಿಡಿದಿಡುವ ನಾರಿನ ಮೇಲುಭಾಗವನ್ನು ಸಣ್ಣ ಚಮಚದಂಥ ಉಪಕರಣವಾದ ಕ್ಯುರೆಟ್‌ನಿಂದ ಕೆರೆದೆ. ಬೇರನ್ನು ನುಣುಪು ಮಾಡಿದೆ. ಗಾಜ್ ಒತ್ತಿ ಹಿಡಿದು ರಕ್ತ ನಿಂತ ಮೇಲೆ ಒಸಡಿನ ಪ್ಯಾಕ್, ಅಂದರೆ ಗಾಯ ಮುಚ್ಚುವ ಮೆತ್ತೆ, ಹಾಕಿದೆ. ಹೊಲಿಗೆ ಹಾಕಲು ಅಲ್ಲಿ ಎಳೆಯುವಷ್ಟು ಒಸಡೇ ಇರಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು.

ತುಂಡನ್ನು ಕೆಡದಂತೆ ಕಾಪಾಡುವ 10 ಪರ್ಸೆಂಟ್ ಫಾರ್ಮಲಿನ್ ಬಾಟಲಿಗೆ ಹಾಕಿ, ಹೆಸರು, ವಯಸ್ಸು, ಜಾಗ ಬರೆದು ಅವಳಿಗೆ ತೋರಿಸಿದೆ. "ಇದು ಬುಟ್ಟಿಗೆ ಹೋಗಲ್ಲ." ಡೆಂಟಲ್ ಕಾಲೇಜಿನ ಲ್ಯಾಬಿಗೆ ಕಳಿಸುವಾಗ ಹಿಂದೊಮ್ಮೆ ಸುಟ್ಟು ತೆಗೆದದ್ದು, ಬ್ಲೇಡಿಗೆ ಕಲ್ಲು ಸಿಕ್ಕಿದ್ದು, ಎರಡನ್ನೂ ಚೀಟಿಯಲ್ಲಿ ಬರೆದೆ. ಪೆಥಾಲಜಿಯವರಿಗೆ ಈ ಎರಡು ಸಾಲು ಬಹಳ ಉಪಯೋಗ. ಗಟ್ಟಿ ಚೂರಿದ್ದರೆ ಅವರು ಮೊದಲು ಅದನ್ನು ಆಸಿಡ್ಡಿನಲ್ಲಿ ಮೆತ್ತಗೆ ಮಾಡಿ ಆಮೇಲೆ ಕೊಯ್ಯಬೇಕು. ಹಾಗಾಗಿ ವರದಿ ತಡ ಆಗುತ್ತದೆ ಅಂತ ಅತ್ತೆಗೆ ಮೊದಲೇ ಹೇಳಿದೆ. ಹೇಳದಿದ್ದರೆ ತಡ ಆದ ಒಂದೊಂದು ದಿನವೂ ಅವರಿಗೆ 'ಅದು'.

ಮೂರನೇ ದಿನ ಫೋನ್. "ಮುದ್ದೆ ನುಂಗುವಾಗ ಪ್ಯಾಕ್ ಹೋಯ್ತು ಸಾರ್, ಹೊಟ್ಟೆಗೆ ಹೋಯ್ತಾ ಏನೋ ಗೊತ್ತಿಲ್ಲ." ನುಂಗಿದ್ದರೂ ಚಿಂತೆ ಇಲ್ಲ ಅಂದೆ. ಕರೆಸಿ ಬೇರೆ ಹಾಕಿದೆ. 0.2 ಪರ್ಸೆಂಟ್ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ದಿನಕ್ಕೆ ಎರಡು ಸಲ ಬಾಯಿ ಮುಕ್ಕಳಿಸುವುದು ಮುಂದುವರಿಯಿತು. ಆಂಟಿಬಯಾಟಿಕ್ ಕೊಡಲಿಲ್ಲ, ಬೇಕಾಗಿರಲಿಲ್ಲ.

ಹನ್ನೆರಡನೇ ದಿನ ವರದಿ ಬಂತು: ಪೆರಿಫೆರಲ್ ಆಸಿಫೈಯಿಂಗ್ ಫೈಬ್ರೋಮಾ. ದಟ್ಟ ಜೀವಕೋಶಗಳ ನಾರಿನ ನಡುವೆ ಮೂಳೆಯ ಚೂರು, ಮೇಲೆ ಹುಣ್ಣಾದ ಪೊರೆ. ಕ್ಯಾನ್ಸರಿನ ಲಕ್ಷಣ ಇಲ್ಲ. ಕಡೆಯ ಸಾಲನ್ನು ಎರಡು ಸಲ ಓದಿ ಹೇಳಿದೆ. ಅತ್ತೆ ಮೂರನೇ ಸಲ ಓದಿಸಿದರು.

ಈ ಗಂಟು ಒಸಡಿನಲ್ಲಿ ಮಾತ್ರ ಬರುತ್ತದೆ. ಹದಿಹರೆಯದವರಿಗೆ, ಇಪ್ಪತ್ತರ ಆಸುಪಾಸಿನವರಿಗೆ ಹೆಚ್ಚು, ಅದರಲ್ಲೂ ಹೆಣ್ಣುಮಕ್ಕಳಿಗೆ. ಅರ್ಧಕ್ಕಿಂತ ಜಾಸ್ತಿ ಮುಂದಿನ ಹಲ್ಲುಗಳ ಹತ್ತಿರವೇ. ದವಡೆಯ ಮೂಳೆಯೊಳಗೆ ಬೆಳೆಯುವ ಆಸಿಫೈಯಿಂಗ್ ಫೈಬ್ರೋಮಾ ಬೇರೆ ಕಾಯಿಲೆ, ಹೆಸರು ನೋಡಿ ಇಂಟರ್ನೆಟ್ಟಿನಲ್ಲಿ ಹುಡುಕಿ ಹೆದರುವವರಿದ್ದಾರೆ. ಇದು ಹುಟ್ಟುವುದು ಹಲ್ಲಿನ ಬೇರು ಹಿಡಿದಿರುವ ನಾರಿನಲ್ಲಿ ಅಂತ ಬಹುಪಾಲು ತಜ್ಞರ ಅಭಿಪ್ರಾಯ. ಆ ನಾರಿನ ಜೀವಕೋಶಗಳಿಗೆ ಮೂಳೆ ಕಟ್ಟುವ ಶಕ್ತಿ ಇದೆ. ಕಿರಿಕಿರಿ ಮಾಡಿದರೆ ಬೇಡದ ಕಡೆ ಕಟ್ಟುತ್ತವೆ. ಮೊದಲ ಸಲ ಸುಟ್ಟಾಗ ಕಳೆಯ ಎಲೆ ಕಿತ್ತಂತಾಗಿತ್ತು, ಗೆಡ್ಡೆ ಒಳಗೇ ಉಳಿದಿತ್ತು. ಲೇಸರ್ ಆಗಲಿ ಬಿಸಿಯಿಂದ ಸುಡುವ ಕಾಟರಿ ಆಗಲಿ ಕೆಟ್ಟದ್ದಲ್ಲ, ಅದರಿಂದ ರಕ್ತ ಕಡಿಮೆ. ಎಷ್ಟು ಆಳಕ್ಕೆ ಹೋದರು ಅನ್ನುವುದು ಮುಖ್ಯ. ತೀರಾ ಸುಟ್ಟ ತುಂಡು ಕಳಿಸಿದರೆ ಅಂಚು ಕರಕಲಾಗಿ ಲ್ಯಾಬಿನವರಿಗೂ ಓದಲು ಕಷ್ಟ.

ಹಾಗಾದರೆ ಐದನೇ ತಿಂಗಳಲ್ಲಿ ನೋಡಿದ ಕೆಂಪು ಗುಳ್ಳೆ ಏನು? ಅದು ಆಗ ನಿಜವಾಗಿಯೂ ಪಯೋಜೆನಿಕ್ ಇದ್ದು, ಆಮೇಲೆ ಹೀಗೆ ತಿರುಗಿರಬಹುದು. ಕೆಲವರು ಹಾಗೆ ಆಗುತ್ತದೆ ಅನ್ನುತ್ತಾರೆ. ಮೊದಲ ತುಂಡು ಬುಟ್ಟಿಗೆ ಹೋದದ್ದರಿಂದ ಇವಳ ವಿಷಯದಲ್ಲಿ ಅದು ಯಾವತ್ತೂ ತಿಳಿಯುವುದಿಲ್ಲ.

ಇಲ್ಲೊಂದು ಮಾತು. ವರದಿಯ ದಿನ ಅತ್ತೆ ಸಮಾಧಾನದಿಂದ ನಗುವಾಗ ಅವರ ಬಾಯಿ ಕಂಡಿತು. ಎಲೆ ಅಡಿಕೆ ಹೊಗೆಸೊಪ್ಪಿನ ಕಪ್ಪು ಹಲ್ಲು. "ಬನ್ನಿ ಅಮ್ಮ, ನೀವೂ ಕೂತ್ಕೊಳ್ಳಿ" ಅಂದೆ. ಹೊಗೆಸೊಪ್ಪು ಇಡುವ ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆ. ಅವರನ್ನೂ ಬಯಾಪ್ಸಿಗೆ ಕಳಿಸಿದೆ. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಬಿಡದಿದ್ದರೆ ಆಗಬಹುದಾದ ಮಚ್ಚೆ. ಹೊಗೆಸೊಪ್ಪು ಬಿಟ್ಟಿದ್ದಾರೆ, ಅಥವಾ ನನ್ನ ಎದುರು ಹಾಗೆ ಹೇಳುತ್ತಾರೆ. ಆರು ತಿಂಗಳಿಗೊಮ್ಮೆ ಸೊಸೆಯೇ ಎಳೆದು ತರುತ್ತಾಳೆ.

ಗಾಯ ಚೆನ್ನಾಗಿ ಮಾಗಿತು. ಆದರೆ ಒಂದು ತಿಂಗಳಿಗೆ ಬಂದವಳ ಮುಖ ಸಪ್ಪಗಿತ್ತು. "ಗಂಟು ಹೋಯ್ತು ಸಾರ್, ಹಲ್ಲು ಉದ್ದ ಕಾಣ್ತಿದೆಯಲ್ಲ?" ನಿಜ. ಅಷ್ಟು ಆಳಕ್ಕೆ ತೆಗೆದರೆ ಒಸಡು ಹಿಂದೆ ಸರಿಯುತ್ತದೆ, ಹಲ್ಲುಗಳ ಬುಡದ ಸಂದಿಯಲ್ಲಿ ಕಪ್ಪು ತ್ರಿಕೋನ ಬೀಳುತ್ತದೆ. ಮೊದಲೇ ಹೇಳಿದ್ದೆ, ಆದರೆ ಒಪ್ಪಿಗೆ ಸಿಗಲಿ ಅಂತ ಸ್ವಲ್ಪ ಮೆಲ್ಲಗೆ ಹೇಳಿದ್ದೆ. ಒಸಡು ಒಂದು ನೆಲೆಗೆ ನಿಲ್ಲಲಿ ಅಂತ ಮೂರು ತಿಂಗಳು ಕಾದು ಹೊಸ ಕ್ಯಾಪ್ ಮಾಡಿದೆ. ಈ ಸಲ ಅಂಚು ಒಸಡಿನ ಮಟ್ಟದಲ್ಲಿ, ಬ್ರಷ್ ತಲುಪುವ ಹಾಗೆ. ಸಂದು ಅರ್ಧ ಮುಚ್ಚಿತು. ನಾದಿನಿ ಮದುವೆಯ ಫೋಟೋದಲ್ಲಿ ಅಕ್ರಿಲಿಕ್ ಕ್ಯಾಪಿನ ಜೊತೆ ಬಾಯಿ ಮುಚ್ಚಿಕೊಂಡೇ ನಿಂತಿದ್ದಾಳೆ. ಆಮೇಲಿನ ಫೋಟೋಗಳಲ್ಲಿ ಹಾಗಿಲ್ಲ.

ಈ ಗಂಟು ನೂರಕ್ಕೆ 8ರಿಂದ 20 ಜನರಲ್ಲಿ ಮರುಕಳಿಸುತ್ತದೆ. ಅದಕ್ಕೇ ಒಂದು, ಮೂರು, ಆರು, ಹನ್ನೆರಡು ತಿಂಗಳಿಗೆ ಕರೆಸಿ ನೋಡಿದೆ. ಆರನೇ ತಿಂಗಳಿಗೆ ಮುಂಚೆಯೇ ಒಮ್ಮೆ ಓಡಿ ಬಂದಳು, ಅದೇ ಜಾಗದಲ್ಲಿ ಕೆಂಪು ಚುಕ್ಕೆ. ಭೂತಗನ್ನಡಿ ಇಟ್ಟು ನೋಡಿದರೆ ಒಸಡಿನೊಳಗೆ ಸಿಕ್ಕಿಕೊಂಡ ಕಡಲೆ ಸಿಪ್ಪೆ. ತೆಗೆದ ಮೇಲೆ ಇಬ್ಬರೂ ನಕ್ಕೆವು.

ಹನ್ನೆರಡನೇ ತಿಂಗಳಿಗೆ ಕೇಳಿದಳು: "ಇನ್ನೊಂದು ಮಗು ಆದ್ರೆ ಮತ್ತೆ ಬರುತ್ತಾ ಸಾರ್?" ಬರುವುದಿಲ್ಲ ಅಂತ ಬರೆದುಕೊಡಲು ಆಗುವುದಿಲ್ಲ ಅಂದೆ. ನಾಲ್ಕನೇ ತಿಂಗಳಿಗೆ ಬಂದು ಕ್ಲೀನಿಂಗ್ ಮಾಡಿಸಿಕೊ, ಬಸುರಿಯಲ್ಲಿ ಹಲ್ಲಿನ ಕೆಲಸಕ್ಕೆ ಅದು ಒಳ್ಳೆಯ ಸಮಯ.

ಹೋದ ತಿಂಗಳು ಬಂದಿದ್ದಳು. ನಾಲ್ಕು ತಿಂಗಳು. ಕೆಳಗಿನ ಒಸಡಿನಲ್ಲಿ ಸ್ವಲ್ಪ ರಕ್ತ, ಮೇಲಿನ ಸಂದಿ ತೆಳು ಗುಲಾಬಿ, ಗಟ್ಟಿ. ಕ್ಲೀನಿಂಗ್ ಮಾಡಿ ಏಳನೇ ತಿಂಗಳಿಗೆ ಮತ್ತೆ ಬಾ ಅಂತ ಚೀಟಿ ಬರೆದುಕೊಟ್ಟೆ.